ಹಕ್ಕಿ ಒಂಟಿ ಇರಲಿ, ಅನಾಥ ಆಗದಿರಲಿ

ಪಂಜರ ತಂದು ಪಡಸಾಲೆಯಲ್ಲಿ ತೂಗುಹಾಕಿದರೆ ಹಕ್ಕಿ ಸಾಕಿದಂತಾಯಿತು ಅಂತ ನಮ್ಮ ಊರುಗಳಲ್ಲಿ ಬಹಳ ಮಂದಿ ನಂಬಿದ್ದಾರೆ. ಮಕ್ಕಳು ಹಟ ಹಿಡಿದರು ಅಂತ ಕಲ್ಮಲದಿಂದ ರಾಯಚೂರಿಗೆ ಹೋಗಿ ಒಂದು ಹಳದಿ ಹಕ್ಕಿ ತರುವುದು, ಫೋಟೊ ತೆಗೆದು ಸ್ಟೇಟಸ್ ಹಾಕುವುದು, ಬೇಸಿಗೆಯಲ್ಲಿ ಅದು ಸತ್ತರೆ 'ಅದರ ಆಯುಷ್ಯ ಅಷ್ಟೇ ಇತ್ತು' ಅನ್ನುವುದು. ಚೆನ್ನಾಗಿ ನೋಡಿಕೊಂಡರೆ ಕ್ಯಾನರಿ ಹಕ್ಕಿ ಹತ್ತು ವರ್ಷದ ಹತ್ತಿರ ಬದುಕುತ್ತದೆ. ವರ್ಷ ತುಂಬುವುದರೊಳಗೆ ಸತ್ತರೆ ಹಣೆಬರಹಕ್ಕಿಂತ ಮೊದಲು ನಮ್ಮ ಮನೆಯನ್ನು ನೋಡಿಕೊಳ್ಳಬೇಕು.

ಮೊದಲು ಯಾವ ಹಕ್ಕಿ ಅನ್ನುವುದು ತಿಳಿಯಲಿ. ನಮ್ಮ ಹೊಲದ ಹಸಿರು ಗಿಳಿಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. 'ಮರಿ ಗೂಡಿನಿಂದ ಬಿದ್ದಿತ್ತು' ಅಂದರೂ ಅದನ್ನು ಇಟ್ಟುಕೊಳ್ಳುವಂತಿಲ್ಲ, ಅರಣ್ಯ ಇಲಾಖೆಗೆ ತಿಳಿಸಬೇಕು. 'ಲವ್ ಬರ್ಡ್ಸ್' ಅಂತ ಮಾರುವ ಪುಟಾಣಿ ಹಕ್ಕಿಗಳು ಹೆಚ್ಚಾಗಿ ಆಸ್ಟ್ರೇಲಿಯಾ ಮೂಲದ ಬಜರಿಗರ್. ಅವು ಗುಂಪಿನಲ್ಲಿ ಬದುಕುವ ಜಾತಿ, ಒಂದನ್ನೇ ತಂದರೆ ಕೊರಗುತ್ತದೆ. ಕ್ಯಾನರಿ ಬೇರೆ. ಆಫ್ರಿಕಾದ ಪಶ್ಚಿಮಕ್ಕಿರುವ ಕ್ಯಾನರಿ ದ್ವೀಪಗಳ ಕಡೆಯ ಈ ಹಕ್ಕಿಯನ್ನು ಮನುಷ್ಯರು ನೂರಾರು ವರ್ಷದಿಂದ ಪಂಜರದಲ್ಲೇ ಮರಿ ಮಾಡಿಸಿ ಬೆಳೆಸಿದ್ದಾರೆ. ಒಂಟಿಯಾಗಿ ಆರಾಮಾಗಿ ಇರಬಲ್ಲ ಕೆಲವೇ ಸಾಕುಹಕ್ಕಿಗಳಲ್ಲಿ ಇದೂ ಒಂದು.

ಇಲ್ಲೇ ನಮ್ಮವರು ಎಡವುವುದು. 'ಪಾಪ, ಒಂದೇ ಇದೆ' ಅಂತ ಇನ್ನೊಂದು ಗಂಡು ತಂದು ಅದೇ ಪಂಜರಕ್ಕೆ ಬಿಡುತ್ತಾರೆ. ಎರಡು ಗಂಡು ಕ್ಯಾನರಿ ಒಂದು ಪಂಜರದಲ್ಲಿ ಕಚ್ಚಾಡುತ್ತವೆ. ಇನ್ನು ಕೆಲವರು ಒಂಟಿ ಹಕ್ಕಿ ಅಂದರೆ ಯಾರೂ ನೋಡಬೇಕಾಗಿಲ್ಲ ಅಂತ ಮೂಲೆಗೆ ಹಾಕಿ ಮರೆಯುತ್ತಾರೆ. ಎರಡೂ ತಪ್ಪು. ಅದಕ್ಕೆ ಜೊತೆಗಾರ ಬೇಕಿಲ್ಲ, ಆದರೆ ಮಂದಿ ಓಡಾಡುವ, ಮಾತು ಕೇಳಿಸುವ ಜಾಗ ಬೇಕು. ಹೊತ್ತು ಮುಳುಗಿದ ಮೇಲೆ ಕತ್ತಲೆ ಬೇಕು. ರಾತ್ರಿ ಹನ್ನೊಂದರ ತನಕ ಟಿವಿ ಎದುರಿಗೆ ಇಟ್ಟರೆ ಅದು ನಿದ್ದೆಗೆಡುತ್ತದೆ.

ಈಗ ನಮ್ಮ ಬಿಸಿಲಿನ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಜಿಲ್ಲೆ 40 ಡಿಗ್ರಿ ದಾಟುತ್ತದೆ. ತಗಡಿನ ಸೂರಿನ ಮನೆಯೊಳಗೆ ಇನ್ನೂ ಕೆಟ್ಟ ಕಾವು. ಕೊಕ್ಕು ತೆರೆದು ಏದುಸಿರು ಬಿಡುತ್ತಾ ರೆಕ್ಕೆ ಅಗಲಿಸಿ ಕೂತಿದ್ದರೆ ಹಕ್ಕಿ 'ಆಟ ಆಡ್ತಿದೆ' ಅಂತ ನಗಬೇಡಿ, ಅದು ಕಾವಿಗೆ ಸಾಯುತ್ತಿದೆ. ಮನೆಯ ತಂಪಾದ ಕೋಣೆಗೆ ಒಯ್ಯಿರಿ. ದಿನಕ್ಕೆರಡು ಸಲ ನೀರು ಬದಲಿಸಿ, ಮೀಯಲು ಅಗಲದ ಬಟ್ಟಲಿನಲ್ಲಿ ಬೇರೆ ನೀರಿಡಿ. ಕೂಲರ್ ಗಾಳಿ ನೇರವಾಗಿ ಬಡಿಯದಿರಲಿ.

ಬಿಸಿಲಿನಷ್ಟೇ ಕೆಟ್ಟದ್ದು ಹೊಗೆ. ಗಣಿ ಅಂದರೆ ನಮಗೆ ಹಟ್ಟಿ ನೆನಪಾಗುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ 1986ರವರೆಗೂ ಕ್ಯಾನರಿ ಇಟ್ಟುಕೊಳ್ಳುತ್ತಿದ್ದರು. ವಿಷಗಾಳಿ ಇದ್ದರೆ ಮನುಷ್ಯರಿಗಿಂತ ಮೊದಲು ಹಕ್ಕಿ ಕುಸಿಯುತ್ತಿತ್ತು, ಅದನ್ನು ನೋಡಿ ಕೆಲಸಗಾರರು ಹೊರಗೆ ಓಡುತ್ತಿದ್ದರು. ಅಷ್ಟು ನಾಜೂಕಿನ ಉಸಿರಿನ ಹಕ್ಕಿಯನ್ನು ನಾವು ಒಲೆಯ ಪಕ್ಕ ತೂಗುಹಾಕುತ್ತೇವೆ! ಮೆಣಸಿನಕಾಯಿ ಹುರಿದ ಘಾಟು, ಸೊಳ್ಳೆ ಬತ್ತಿ, ಊದಿನಕಡ್ಡಿ, ಬೀಡಿ, ಸುಟ್ಟ ನಾನ್‌ಸ್ಟಿಕ್ ತವೆಯ ಹೊಗೆ ಎಲ್ಲವೂ ಅದಕ್ಕೆ ಅಪಾಯ.

ಪಂಜರದ ವಿಷಯದಲ್ಲಿ ಕಾನೂನೇ ಇದೆ. ಪ್ರಾಣಿಗಳು ಸರಿಯಾಗಿ ಅಲುಗಾಡಲೂ ಆಗದಂಥ ಚಿಕ್ಕ ಪಂಜರದಲ್ಲಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಹಿಂಸೆ. ಗೋಪುರದಂಥ ಎತ್ತರದ ಪಂಜರ ನೋಡಲು ಚೆಂದ, ಹಕ್ಕಿಗೆ ದಂಡ. ಕ್ಯಾನರಿ ಅಡ್ಡಡ್ಡ ಹಾರುತ್ತದೆ, ಅದಕ್ಕೆ ಬೇಕಾದದ್ದು ಉದ್ದ. ಸಾಕುಪ್ರಾಣಿ ಅಂಗಡಿಗಳು ನೋಂದಣಿ ಮಾಡಿಸಬೇಕು ಅಂತ 2018ರ ನಿಯಮ ಹೇಳುತ್ತದೆ. ಕೊಳ್ಳುವಾಗ ಆ ಪತ್ರ ತೋರಿಸಿ ಅಂತ ಕೇಳಿ.

ಊಟ ದೊಡ್ಡ ಖರ್ಚಲ್ಲ. ಕ್ಯಾನರಿ ಕಾಳಿನ ಜೊತೆ ಸ್ವಲ್ಪ ನವಣೆ, ಆಗಾಗ ಬೇಯಿಸಿದ ಮೊಟ್ಟೆಯ ಚೂರು, ದಿನವೂ ಒಂದೆರಡು ಎಲೆ ಸೊಪ್ಪು. ಆದರೆ ಎಣ್ಣೆ ಹೊಡೆದ ಹೊಲದ ಸೊಪ್ಪು ಬೇಡ. ಕಾಳಿನ ಬಟ್ಟಲು ತುಂಬಿದಂತೆ ಕಂಡರೂ ಊದಿ ನೋಡಿ, ಬಹಳ ಸಲ ಅದರಲ್ಲಿರುವುದು ಬರೀ ಹೊಟ್ಟು.

ಹಾಡುವುದು ಹೆಚ್ಚಾಗಿ ಗಂಡು. ವರ್ಷಕ್ಕೊಮ್ಮೆ ಗರಿ ಉದುರಿಸುವಾಗ ಅದೂ ಸುಮ್ಮನಾಗುತ್ತದೆ, ಗಾಬರಿ ಬೇಡ. ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತರೆ ಮಾತ್ರ ಅದೇ ದಿನ ಡಾಕ್ಟರಿಗೆ ತೋರಿಸಬೇಕು. ನಮ್ಮ ಕಡೆಯ ಪಶು ಆಸ್ಪತ್ರೆಗಳಿಗೆ ಬರುವುದು ಹೆಚ್ಚಾಗಿ ದನ, ಕುರಿ. ಹಕ್ಕಿ ನೋಡುವವರು ಯಾರು ಅಂತ ಕೊಳ್ಳುವ ಮೊದಲೇ ವಿಚಾರಿಸಿ.

'ಬೇಸರವಾದರೆ ಬಿಟ್ಟುಬಿಡೋಣ, ಪುಣ್ಯ ಬರುತ್ತೆ' ಅನ್ನುವವರಿದ್ದಾರೆ. ಪಂಜರದಲ್ಲೇ ಹುಟ್ಟಿದ ಹಕ್ಕಿಗೆ ಹೊರಗೆ ಕಾಳು ಹುಡುಕಲು ಬರುವುದಿಲ್ಲ. ಕಾಗೆಗೋ ಗಿಡುಗಕ್ಕೋ ತುತ್ತಾಗುತ್ತದೆ. ಅದರಲ್ಲಿ ಯಾವ ಪುಣ್ಯ?

'ಮನುಷ್ಯರಿಗೇ ನೀರಿಲ್ಲ, ಹಕ್ಕಿಗೆ ಇಷ್ಟೆಲ್ಲಾ ಯಾಕೆ' ಅನ್ನುವವರಿಗೂ ಒಂದು ಮಾತು. ನಮ್ಮೂರಲ್ಲಿ ಯಾವ ರೈತನೂ ಮೇ ತಿಂಗಳ ಮಧ್ಯಾಹ್ನ ಎತ್ತನ್ನು ಬಿಸಿಲಿಗೆ ಕಟ್ಟಿ ಮರೆಯುವುದಿಲ್ಲ. ತಾನು ಉಣ್ಣುವ ಮೊದಲು ಅದಕ್ಕೆ ನೀರು ತೋರಿಸುತ್ತಾನೆ. ಆ ತಿಳಿವಳಿಕೆ ನಮಗೆ ಹೊಸದೇನಲ್ಲ. ಕಟ್ಟಿಹಾಕಿದ ಜೀವ ದೊಡ್ಡದಿರಲಿ, ಗುಬ್ಬಿಯಷ್ಟಿರಲಿ, ಅದರ ನೆರಳು, ನೀರು ನಮ್ಮ ಹೊಣೆ. ಹತ್ತು ಬೇಸಿಗೆ ಅದನ್ನು ಕಾಯುವ ಮನಸ್ಸಿದ್ದರೆ ತನ್ನಿ. ಇಲ್ಲದಿದ್ದರೆ ಮಾಳಿಗೆ ಮೇಲೆ ಒಂದು ಬಟ್ಟಲು ನೀರು, ಒಂದು ಹಿಡಿ ಸಜ್ಜೆ ಇಡಿ. ಹಕ್ಕಿಗಳು ತಾವೇ ಬರುತ್ತವೆ, ಮಕ್ಕಳು ನೋಡಲಿ.