ಯಂತ್ರದ ಲೆಕ್ಕ, ಚಿಕಿತ್ಸೆಯ ಲೆಕ್ಕ

ಮೂತ್ರಪಿಂಡಗಳು ಸಂಪೂರ್ಣ ವಿಫಲವಾದವರಿಗೆ ಸಾಮಾನ್ಯವಾಗಿ ವಾರಕ್ಕೆ ಮೂರು ಬಾರಿ, ಪ್ರತಿ ಬಾರಿಯೂ ಸುಮಾರು ನಾಲ್ಕು ಗಂಟೆ ಡಯಾಲಿಸಿಸ್ ಆಗಬೇಕು. ಗುಬ್ಬಿಯಿಂದ ತುಮಕೂರು ಸುಮಾರು 20 ಕಿ.ಮೀ. ಅಲ್ಲಿನ ರೋಗಿಯೊಬ್ಬರು ಜಿಲ್ಲಾ ಕೇಂದ್ರವನ್ನೇ ನಂಬಿದರೆ ವರ್ಷಕ್ಕೆ 156 ಬಾರಿ, ಆರು ಸಾವಿರ ಕಿ.ಮೀ.ಗೂ ಮಿಗಿಲಾಗಿ ಪ್ರಯಾಣಿಸಬೇಕು. ಕುಣಿಗಲ್‌ನವರಿಗೆ ಹೆಚ್ಚುಕಡಿಮೆ ಅದರ ಎರಡರಷ್ಟು. ಚಿಕಿತ್ಸೆ ಉಚಿತವಿದ್ದರೂ ಬಸ್ ಚಾರ್ಜು ಎಲ್ಲರಿಗೂ ಉಚಿತವಲ್ಲ. ಜೊತೆಗೆ ಬರುವವರ ಅಂದಿನ ಕೂಲಿಯನ್ನು ಯಾರೂ ಕೊಡುವುದಿಲ್ಲ. ಮೂರು ಬಾರಿಯ ಚಿಕಿತ್ಸೆ ಎರಡಕ್ಕೆ, ಎರಡು ಒಂದಕ್ಕೆ ಇಳಿಯುವುದು ಹೀಗೆ.

ಈ ದೃಷ್ಟಿಯಿಂದ, 2016ರ ಕೇಂದ್ರ ಬಜೆಟ್ ಜಿಲ್ಲಾ ಆಸ್ಪತ್ರೆಗಳಿಗಾಗಿ ಘೋಷಿಸಿದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವಾಗಲಿ, ತಾಲ್ಲೂಕು ಆಸ್ಪತ್ರೆಗಳಲ್ಲೂ ಘಟಕ ತೆರೆದ ಕರ್ನಾಟಕದ ಕ್ರಮವಾಗಲಿ ಸ್ವಾಗತಾರ್ಹವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಜನಪ್ರತಿನಿಧಿಗಳು ಟೇಪು ಕತ್ತರಿಸುವುದು ಯಂತ್ರದ ಎದುರು. ಅದರ ಹಿಂದಿನ ನೀರು ಶುದ್ಧೀಕರಣ ಘಟಕದ ಮುಂದೆ ನಿಂತು ಫೋಟೊ ತೆಗೆಸಿಕೊಂಡವರನ್ನು ನಾನಂತೂ ಕಂಡಿಲ್ಲ.

ಒಬ್ಬ ರೋಗಿಯ ಒಂದು ಸರದಿಗೆ ಸುಮಾರು 120 ಲೀಟರ್ ಅತಿ ಶುದ್ಧ ನೀರು ಬೇಕು. ರಕ್ತಕ್ಕೂ ಆ ನೀರಿನಿಂದ ತಯಾರಾದ ದ್ರಾವಣಕ್ಕೂ ನಡುವೆ ಇರುವುದು ತೆಳುವಾದ ಪೊರೆಯೊಂದೇ. ಪಾವಗಡದ ಫ್ಲೋರೈಡ್ ನೀರಿನ ಬವಣೆಯನ್ನು ಬಲ್ಲ ಜಿಲ್ಲೆಗೆ, ಕೊಳವೆಬಾವಿಯ ನೀರು ಏನೇನನ್ನು ಹೊತ್ತು ತರಬಲ್ಲದೆಂದು ಬಿಡಿಸಿ ಹೇಳಬೇಕಿಲ್ಲ. ಶುದ್ಧೀಕರಣ ಘಟಕ ಕೆಟ್ಟರೆ ಹೊಸ ಯಂತ್ರವೂ ಕೇವಲ ಪೀಠೋಪಕರಣ. ನಡುವೆ ಕರೆಂಟು ಹೋದರೆ, ಬದಲಿ ವ್ಯವಸ್ಥೆಯೂ ಇಲ್ಲದಿದ್ದರೆ, ಪಂಪನ್ನು ಕೈಯಿಂದ ತಿರುಗಿಸಿ ರಕ್ತವನ್ನು ದೇಹಕ್ಕೆ ಮರಳಿಸಬೇಕು. ಹಾಗೆ ತಿರುಗಿಸುವ ತಂತ್ರಜ್ಞರು ಗುತ್ತಿಗೆ ನೌಕರರು. ರಾಜ್ಯದ ಡಯಾಲಿಸಿಸ್ ಸಿಬ್ಬಂದಿ 2023ರಲ್ಲಿ ಬಾಕಿ ವೇತನಕ್ಕಾಗಿ ಮುಷ್ಕರಕ್ಕಿಳಿದದ್ದನ್ನು ಓದುಗರು ಮರೆತಿರಲಾರರು.

ದೂರದ ಹಳ್ಳಿಯವರಿಗೆ ಇನ್ನೊಂದು ದಾರಿಯಿದೆ. ಹೊಟ್ಟೆಯೊಳಗಿನ ಪೊರೆಯನ್ನೇ ಸೋಸುಕವಾಗಿಸಿ ಮನೆಯಲ್ಲೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್ ಅದು. ಕೇಂದ್ರ ಸರ್ಕಾರ 2019ರಲ್ಲೇ ಇದಕ್ಕೆ ಮಾರ್ಗಸೂಚಿ ಹೊರಡಿಸಿದೆ. ಸ್ವಚ್ಛತೆ ಕಟ್ಟುನಿಟ್ಟಾಗಿರಬೇಕು, ದ್ರಾವಣದ ಚೀಲಗಳು ತಪ್ಪದೆ ಮನೆ ತಲುಪಬೇಕು, ನಿಜ. ಆದರೂ ವಾರಕ್ಕೆ ಮೂರು ಬಾರಿ ಬಸ್ ಹತ್ತುವುದಕ್ಕಿಂತ ಅದೇನು ಕಷ್ಟ?

ಇನ್ನು ಮಧುಮೇಹ, ರಕ್ತದೊತ್ತಡ ಇರುವವರಿಗೆ ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆ ನಡೆದರೆ ಎಷ್ಟೋ ಮಂದಿ ಡಯಾಲಿಸಿಸ್ ಹಾಸಿಗೆಯವರೆಗೆ ಬರುವುದೇ ತಪ್ಪೀತು ಅಥವಾ ತಡವಾದೀತು.

ಆರೋಗ್ಯ ಇಲಾಖೆ ಎಷ್ಟು ಯಂತ್ರ ಕೊಟ್ಟೆವೆಂದು ಹೇಳುತ್ತದೆ. ಗುಬ್ಬಿ, ಕುಣಿಗಲ್ ಸೇರಿದಂತೆ ಪ್ರತಿ ತಾಲ್ಲೂಕಿನಲ್ಲೂ ನೀರು, ವಿದ್ಯುತ್, ಸಿಬ್ಬಂದಿ ಇಲ್ಲದೆ ತಿಂಗಳಿಗೆ ಎಷ್ಟು ಸರದಿಗಳು ತಪ್ಪಿದವು ಎಂಬ ಪಟ್ಟಿಯನ್ನೂ ಆಸ್ಪತ್ರೆಯ ಫಲಕದಲ್ಲಿ ಹಾಕಲಿ.