ಗೆಳೆಯ ದರ ಹೇಳಿರುವ ಮದುವೆಗೆ ನೀವೂ ದರ ಹೇಳಬಹುದೇ?

ರಾವಂದೂರಿನ ಸುತ್ತಮುತ್ತ ಹೊಗೆಸೊಪ್ಪಿನ ದುಡ್ಡು ಕೈಗೆ ಬಂದಮೇಲೆ ಮದುವೆ ಮಾತು ಜೋರಾಗುತ್ತದೆ. ವಾಲಗದವರಿಗೆ ಫೋನ್ ಬರುವ ಕಾಲವೂ ಅದೇ. ಆಷಾಢ ಕಾಲಿಡುವುದರೊಳಗೆ ದುಡಿದುಕೊಂಡರೆ ಉಂಟು. ಹೆಣ್ಣಿನ ಕಡೆಯವರು ಪಕ್ಕದೂರಿನ ನಾದಸ್ವರದವನನ್ನು ಕೇಳಿದ್ದಾರೆ, ಅವನು ದರ ಹೇಳಿದ್ದಾನೆ, ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ. ಈಗ ನಿಮಗೆ ಫೋನ್ ಮಾಡಿದ್ದಾರೆ. ಅವನು ನಿಮ್ಮ ಗೆಳೆಯ. ಏನು ಮಾಡುತ್ತೀರಿ?

ಪರ

ದರ ಹೇಳಬೇಕು. ಅಡ್ವಾನ್ಸ್ ಬೀಳುವ ತನಕ ಆ ಮದುವೆ ಯಾರ ಸ್ವತ್ತೂ ಅಲ್ಲ. ನೀವು ಸುಮ್ಮನಾದರೆ ಕೆಲಸ ಗೆಳೆಯನಿಗೇ ಹೋಗುತ್ತದೆಂಬ ಖಾತ್ರಿ ಏನಿದೆ? ಮೈಸೂರಿನಿಂದ ಸ್ಯಾಕ್ಸೋಫೋನ್ ಸೆಟ್ ಕರೆಸಬಹುದು. ಸ್ಪೀಕರ್‌ನಲ್ಲಿ ರೆಕಾರ್ಡ್ ಹಾಕಿ ಗಟ್ಟಿಮೇಳ ಮುಗಿಸುವವರೂ ಇದ್ದಾರೆ. ಆಗ ನಿಮಗೂ ಇಲ್ಲ, ಅವನಿಗೂ ಇಲ್ಲ.

ಬಿಟ್ಟುಕೊಟ್ಟವನು ಅದನ್ನು ಮರೆಯುವುದೂ ಇಲ್ಲ. ಬಾಯಲ್ಲಿ ಹೇಳದಿದ್ದರೂ ಮನಸ್ಸಿನಲ್ಲಿ ಲೆಕ್ಕ ಬರೆದಿಡುತ್ತಾನೆ. ಆ ಲೆಕ್ಕಕ್ಕಿಂತ, ಗೆಳೆಯನಿಗೇ ಫೋನ್ ಮಾಡಿ ‘ನನ್ನನ್ನೂ ಕೇಳವ್ರೆ ಕಣಪ್ಪ, ನಾನೂ ಹೇಳ್ತೀನಿ’ ಅಂದುಬಿಡುವುದು ಮೇಲು.

ಮೈಸೂರು ಆಸ್ಥಾನವನ್ನೇ ನೋಡಿ. ವೀಣೆ ಶೇಷಣ್ಣ (1852–1926), ವೀಣೆ ಸುಬ್ಬಣ್ಣ ಇಬ್ಬರೂ ಒಂದೇ ಕಾಲದವರು, ಒಂದೇ ವಾದ್ಯ, ಒಂದೇ ದರ್ಬಾರು. ಒಬ್ಬರಿಗಾಗಿ ಇನ್ನೊಬ್ಬರು ವೀಣೆ ಕೆಳಗಿಡಲಿಲ್ಲ. ಜೊತೆಯಾಗಿ ಕುಳಿತು ನುಡಿಸಿದ್ದೂ ಉಂಟು.

ವಿರೋಧ

ಶೇಷಣ್ಣ, ಸುಬ್ಬಣ್ಣರನ್ನು ಈ ವಿಷಯಕ್ಕೆ ಎಳೆಯಬೇಡಿ. ಇಬ್ಬರನ್ನೂ ಅರಮನೆ ಸಾಕುತ್ತಿತ್ತು. ಒಬ್ಬರು ಚೆನ್ನಾಗಿ ನುಡಿಸಿದರೆ ಇನ್ನೊಬ್ಬರ ಮನೆಯ ಒಲೆ ಆರುತ್ತಿರಲಿಲ್ಲ. ಆಕಾಶವಾಣಿಯದೂ ಅದೇ ಕಥೆ. ಧ್ವನಿಪರೀಕ್ಷೆಯಲ್ಲಿ ಬಿ, ಬಿ-ಹೈ, ಎ ಎಂದು ದರ್ಜೆ ಕೊಡುತ್ತಾರೆ, ದರ್ಜೆಗೆ ತಕ್ಕ ಸಂಭಾವನೆ ಮೊದಲೇ ಗೊತ್ತು. ದಸರಾ ಕಾರ್ಯಕ್ರಮಕ್ಕೆ ಇಬ್ಬರೂ ಅರ್ಜಿ ಹಾಕಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಅಲ್ಲೆಲ್ಲ ತೂಗುವುದು ವಿದ್ಯೆಯನ್ನು. ಮದುವೆ ಮನೆಯವರು ಇಬ್ಬರಿಗೆ ಫೋನ್ ಮಾಡುವುದು ಯಾರ ತೋಡಿ ಚೆನ್ನ ಎಂದು ತಿಳಿಯುವುದಕ್ಕಲ್ಲ.

ಗೆಳೆಯ 15,000 ಹೇಳಿದ್ದಾನೆ ಅಂದುಕೊಳ್ಳಿ. ನಿಮಗೆ ಅದನ್ನು ಅವರೇ ತಿಳಿಸುತ್ತಾರೆ, ತಿಳಿಸುವುದೇ ನೀವು 13,000ಕ್ಕೆ ಇಳಿಯಲಿ ಎಂದು. ಇಳಿದಿರಿ. ಆ 2,000 ಯಾರ ಜೇಬಿನಿಂದ ಹೋಯಿತು? ನಾದಸ್ವರದವನು ತನ್ನ ಪಾಲು ಮೊದಲು ಎತ್ತಿಟ್ಟುಕೊಂಡು, ಡೋಲಿನವನಿಗೆ, ತಾಳದ ಹುಡುಗನಿಗೆ, ಶ್ರುತಿ ಹಿಡಿದವನಿಗೆ ಉಳಿದದ್ದನ್ನು ಹಂಚುತ್ತಾನೆ. ಮುಂದಿನ ಮದುವೆಯಲ್ಲಿ ಗೆಳೆಯನೂ 13,000ದಿಂದಲೇ ಶುರು ಮಾಡಬೇಕು. ಒಮ್ಮೆ ಇಳಿದ ದರವನ್ನು ಈ ಹೋಬಳಿಯಲ್ಲಿ ಮತ್ತೆ ಏರಿಸುವುದು ಸುಲಭದ ಮಾತಲ್ಲ.

‘ಪರ’ದವರು ಮುಟ್ಟದೇ ಬಿಟ್ಟ ಸಂಗತಿ ಇನ್ನೊಂದಿದೆ. ಒಳ್ಳೆಯ ಮುಹೂರ್ತದ ದಿನ ಬೆಟ್ಟದಪುರದಲ್ಲೊಂದು, ಪಿರಿಯಾಪಟ್ಟಣದಲ್ಲೊಂದು, ರಾವಂದೂರಿನಲ್ಲೊಂದು ಮದುವೆ ಬೀಳುತ್ತದೆ. ಆಗ ಎರಡನೇ ನಾದಸ್ವರಕ್ಕೆ ಯಾರು ಬರುತ್ತಾರೆ? ಹಿಂದಿನ ರಾತ್ರಿ ಜ್ವರ ಬಂದರೆ ಧಾರೆ ಹೊತ್ತಿಗೆ ನಿಮ್ಮ ಬದಲು ಊದುವವನು ಯಾರು? ಅದೇ ಗೆಳೆಯ. ಅವನನ್ನು ಕಳೆದುಕೊಂಡರೆ ಸ್ನೇಹವಷ್ಟೇ ಅಲ್ಲ, ಕಸುಬಿನ ಒಂದು ಕೈಯೇ ಹೋದಂತೆ.

ಅದಕ್ಕಾಗಿ ಬಂದ ಫೋನನ್ನು ಕತ್ತರಿಸಬೇಕಿಲ್ಲ. ‘ಅವನತ್ರ ಮಾತಾಡಿದೀರಲ್ಲ, ಮೊದಲು ಅದು ಇತ್ಯರ್ಥ ಆಗ್ಲಿ. ಅವನು ಆಗಲ್ಲ ಅಂದ್ರೆ ನಾನಿದ್ದೀನಿ, ಆದರೆ ಅವನು ಹೇಳಿದ್ದಕ್ಕಿಂತ ಕಮ್ಮಿಗೆ ಬರಲ್ಲ’ ಅಂದರೆ ಸಾಕು. ಚೌಕಾಸಿಗೆಂದೇ ಫೋನ್ ಮಾಡಿದ್ದರೆ ಅಲ್ಲಿಗೆ ಮಾತು ನಿಂತುಹೋಗುತ್ತದೆ. ನಿಜವಾಗಿ ನಿಮ್ಮ ವಾದನವೇ ಬೇಕಿದ್ದರೆ ದರದ ಮಾತೆತ್ತದೆ ಮತ್ತೆ ಕರೆಯುತ್ತಾರೆ, ಆಗ ಹೋಗಲು ಅಡ್ಡಿಯಿಲ್ಲ.

ಇಷ್ಟು ಹೇಳಿದ ಮೇಲೂ ಅನುಮಾನವಿದ್ದರೆ ಡೋಲಿನವನನ್ನು ಕೇಳಿ. ಸುಗ್ಗಿಯಲ್ಲಿ ಅವನು ನಿಮ್ಮಿಬ್ಬರ ಸೆಟ್ಟಿಗೂ ಬರುವವನು, ಯಾರು ಎಷ್ಟಕ್ಕೆ ಒಪ್ಪಿಕೊಂಡರು ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತು.