ಗೊಂಬೆಮನೆಯ ಒಲೆಗೂ ಮಸಿ ಇರಲಿ

ಮಿನಿಯೇಚರ್ ಮಾಡೋ ಹುಚ್ಚು ಈಗ ಹಾಸ್ಟೆಲ್‌ಗೂ ಬಂದಿದೆ. ಬೆಂಕಿಪೊಟ್ಟಣದಷ್ಟು ಮಂಚ, ಉಗುರಿನಷ್ಟು ದೋಸೆ ಹಂಚು, ಎಲ್ಲಾ ಕೈಯಲ್ಲೇ ಮಾಡಿದ್ದು. ಇನ್‌ಸ್ಟಾಗ್ರಾಂನಲ್ಲಿ ಹಂಗೇರಿಯ ಹಳ್ಳಿ ಅಡುಗೆಮನೆಯ ಪುಟ್ಟ ಮಾದರಿ ನೋಡಿದರೆ ಕಣ್ಣು ತೆಗೆಯೋಕೆ ಆಗಲ್ಲ. ಗೋಡೆ ತುಂಬ ಹೂವಿನ ಚಿತ್ರದ ತಟ್ಟೆಗಳು, ತೂಗುಹಾಕಿದ ಕೆಂಪು ಮೆಣಸಿನಕಾಯಿ ಸರ. ಹಾಗಾದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಅಡುಗೆಮನೆಯನ್ನ ಯಾರು ಮಾಡ್ತಾರೆ? ಆ ಕಡೆಯಿಂದ ಬಂದ ನಾವೇ ಮಾಡಬೇಕು ಅನ್ನೋದು ನನ್ನ ವಾದ. ಮಾಡಿದರೆ ಮಸಿ ಸಮೇತ ಮಾಡಬೇಕು.

ನಮ್ಮ ಕಡೆ ಹಳೇ ಮನೆ ಅಂದ್ರೆ ಫರ್ಸಿ ಮನೆ. ಶಹಾಬಾದ್ ಕಲ್ಲು ಪದರ ಪದರವಾಗಿ ಸೀಳೋ ಸುಣ್ಣದಕಲ್ಲು. ನೆಲಕ್ಕೆ ಅದೇ, ಗೋಡೆಗೆ ಅದೇ, ಎಷ್ಟೋ ಕಡೆ ಮಾಳಿಗೆಗೂ ಅದೇ. ವಾಡಿ, ಮಳಖೇಡ, ಸೇಡಂ ಸುತ್ತ ಸಿಮೆಂಟ್ ಫ್ಯಾಕ್ಟರಿಗಳು ಬಂದಿರೋದೂ ಸುಣ್ಣದಕಲ್ಲಿಗಾಗಿಯೇ. ಈಗ ಸಿಮೆಂಟಿನ ಆರ್‌ಸಿಸಿ ಮನೆ ಏಳ್ತಿವೆ, ಫರ್ಸಿ ಮನೆ ಬೀಳ್ತಿವೆ. ಇದನ್ನ ತಪ್ಪು ಅನ್ನಲ್ಲ, ಸೋರದ ಮನೆ ಎಲ್ಲರಿಗೂ ಬೇಕು. ಆದರೆ ಮನೆ ಕೆಡವಿದಾಗ ಬೀಸೋಕಲ್ಲಾದರೂ ಅಂಗಳದ ಮೂಲೆ ಸೇರುತ್ತೆ, ಮಣ್ಣಿನ ಒಲೆಯನ್ನ ಎತ್ತಿಡೋಕೆ ಬರಲ್ಲ. ಅದರ ಜೊತೆ ಹೆಸರುಗಳೂ ಹೋಗ್ತವೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ‘ನೆಲುವು’ ಅನ್ನೋ ಪದ ಗೊತ್ತಾಗಿದ್ದು ಈ ವರ್ಷ. ಬೆಕ್ಕಿಗೆ ಎಟುಕದ ಹಾಗೆ ಹಾಲು, ಬೆಣ್ಣೆ ಗಡಿಗೆಗಳನ್ನ ತೂಗುಹಾಕೋ ಹಗ್ಗದ ಹೆಣಿಗೆ ಅದು.

ಈಗ ಲೆಕ್ಕಕ್ಕೆ ಬರೋಣ. ಗೊಂಬೆಮನೆ ಮಾಡೋರು ಹೆಚ್ಚಾಗಿ ಬಳಸೋ ಸ್ಕೇಲ್ 1:12, ಅಂದ್ರೆ ಒಂದು ಅಡಿಗೆ ಒಂದು ಇಂಚು. 25 ಸೆಂ.ಮೀ. ಅಗಲದ ಜೋಳದ ರೊಟ್ಟಿ 2 ಸೆಂ.ಮೀ. ಆಗುತ್ತೆ. 4 ಮಿ.ಮೀ.ನ ಜೋಳದ ಕಾಳಿನ ಬದಲು ಸಣ್ಣ ರವೆ ಹಾಕಿದರೆ ಸಾಕು. ಆದರೆ ಉದ್ದ 12 ಪಟ್ಟು ಕಡಿಮೆಯಾದರೆ ತೂಕ 12×12×12, ಅಂದ್ರೆ 1728 ಪಟ್ಟು ಕಡಿಮೆಯಾಗುತ್ತೆ. 40 ಕೆ.ಜಿ.ಯ ಬೀಸೋಕಲ್ಲನ್ನ ಅದೇ ಕಲ್ಲಿನಲ್ಲಿ ಮಾಡಿದರೂ ಬರೀ 23 ಗ್ರಾಂ. ಕಿರುಬೆರಳಲ್ಲಿ ತಿರುಗಿಸಬಹುದು. ಬೆಳಗಿನ ಜಾವ ಎದ್ದು ಬೀಸಿದೋರ ರಟ್ಟೆ ನೋವು ಆ 23 ಗ್ರಾಂನಲ್ಲಿ ಎಲ್ಲೂ ಕಾಣಲ್ಲ. ಹೊಗೆ ಇಲ್ಲ, ಧಗೆ ಇಲ್ಲ, ನೀರು ಹೊರೋದಿಲ್ಲ. ನೋಡಿದೋರು ‘ಸೋ ಕ್ಯೂಟ್’ ಅಂದು ಮುಂದೆ ಹೋಗ್ತಾರೆ.

ಇಂಥ ಒಂದು ಮಾದರಿಯ ಫೋಟೋ ನಮ್ಮ ಆಯಿಗೆ ತೋರಿಸಿದ್ದೆ. ಸ್ವಲ್ಪ ಹೊತ್ತು ನೋಡಿ, “ಇದರಾಗ ಹೊಗಿ ಎಲ್ಲಿಂದ ಹೋಗ್ತದ?” ಅಂತ ಕೇಳಿದ್ಲು. ಡಿಸೈನ್ ರಿವ್ಯೂನಲ್ಲಿ ಇದಕ್ಕಿಂತ ಒಳ್ಳೇ ಪ್ರಶ್ನೆ ನಾನು ಕೇಳಿಲ್ಲ. ತೊಗರಿ ಕಟಗಿ, ಕುಳ್ಳು ಉರಿಯೋ ಒಲೆ ಮುಂದೆ ದಿನಾ ಕೂರೋಳಿಗೆ ಬೆಳಕಿಂಡಿ ಎಲ್ಲಿದೆ, ಎಷ್ಟು ಅಗಲ ಇದೆ ಅನ್ನೋದು ಕಣ್ಣಿನ, ಎದೆಯ ಪ್ರಶ್ನೆ. ಹಾಗಾಗಿ ಮಾದರಿಯಲ್ಲಿ ಬೆಳಕಿಂಡಿ ಅಳತೆಗೆ ಸರಿಯಾಗಿರಬೇಕು, ಮಸಿ ಎಲ್ಲಿ ದಪ್ಪ, ಎಲ್ಲಿ ತೆಳು ಅನ್ನೋದೂ ಕಾಣಬೇಕು. ಬೀಸೋಕಲ್ಲಿನ ಗೂಟ ಕೈ ಆಡಿ ಆಡಿ ನುಣುಪಾಗಿರಬೇಕು. ಇವೆಲ್ಲ ಅಲಂಕಾರ ಅಲ್ಲ, ಡೇಟಾ.

ಪುಟ್ಟ ಮಾದರಿಯನ್ನ ಇಷ್ಟು ಗಂಭೀರವಾಗಿ ತಗೋಬೇಕಾ ಅಂತ ಕೇಳಬಹುದು. 1940ರ ದಶಕದಲ್ಲಿ ಅಮೆರಿಕದ ಫ್ರಾನ್ಸಿಸ್ ಗ್ಲೆಸ್ನರ್ ಲೀ ಅನ್ನೋ ಮಹಿಳೆ, ಸಾವು ನಡೆದ ಕೋಣೆಗಳ ಮಾದರಿಗಳನ್ನ ಇದೇ 1:12 ಸ್ಕೇಲಿನಲ್ಲಿ ಮಾಡಿಸಿದರು. ಅವುಗಳಲ್ಲಿ ಅಡುಗೆಮನೆಯೂ ಇದೆ. ಸಾಕ್ಷ್ಯ ನೋಡೋದು ಹೇಗೆ ಅಂತ ಪೊಲೀಸರಿಗೆ ಕಲಿಸೋಕೆ ಅವು ಬಳಕೆಯಾದವು. ಗೊಂಬೆಮನೆ ಅಂಥ ಕೆಲಸ ಮಾಡಬಲ್ಲದು ಅಂದ ಮೇಲೆ, ಒಂದು ಊರಿನ ಹೆಂಗಸರ ದುಡಿಮೆಗೂ ಸಾಕ್ಷಿ ಹೇಳಬಲ್ಲದು.

ಫೋನಿನಲ್ಲಿ ಸ್ಕ್ಯಾನ್ ಮಾಡಿ 3ಡಿ ಪ್ರಿಂಟ್ ತೆಗೆದರೆ ಮುಗೀತಲ್ಲ ಅಂತ ನನ್ನ ರೂಮ್‌ಮೇಟ್ ಹೇಳ್ತಾನೆ. ಅಳತೆಗೆ ಸ್ಕ್ಯಾನ್ ಒಳ್ಳೇದೇ, ಮಾಡಿಕೊಳ್ಳೋಣ. ಆದರೆ ಅದರಿಂದ ಆಕಾರ ಮಾತ್ರ ಸಿಗುತ್ತೆ. ಕೈಯಲ್ಲಿ ಮಾಡೋಕೆ ಹೊರಟರೆ ಎರೆಮಣ್ಣು ಒಣಗ್ತಿದ್ದಂಗೆ ಬಿರಿಯುತ್ತೆ. ಸಿವಿಲ್‌ನೋರಿಗೆ ಕಾರಣ ಗೊತ್ತು. ಅದಕ್ಕೆ ಹೊಟ್ಟು ಬೆರೆಸಬೇಕಾ, ಬೂದಿನಾ, ಸೆಗಣಿನಾ, ಎಷ್ಟೆಷ್ಟು ಅನ್ನೋದು ಒಲೆ ಹಾಕಿದ ಹೆಂಗಸರಿಗೆ ಗೊತ್ತು. ಅವರ ಹತ್ರ ಹೋಗಿ ಕೇಳದೆ ಕೆಲಸ ಮುಂದೆ ಹೋಗಲ್ಲ. ಪ್ರಿಂಟರ್ ಇದ್ದರೆ ಆ ಮಾತೇ ನಡೆಯಲ್ಲ. ಇದೇನು ಹೊರಗಿಂದ ಬಂದ ಹವ್ಯಾಸನೂ ಅಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಗೋದಲಿ ಮಾಡಿದ ಕೈ ನಮ್ಮದು.

ಈ ರಜೆಯಲ್ಲಿ ಊರಿಗೆ ಹೋಗೋರು ಒಂದು ಟೇಪು, ಒಂದು ನೋಟ್‌ಬುಕ್ ತಗೊಂಡು ಹೋಗಿ. ಮನೆಯೋರನ್ನ ಕೇಳಿ ಒಂದೇ ಒಂದು ಹಳೇ ಅಡುಗೆಮನೆ ಅಳೆಯಿರಿ. ಒಲೆಯ ಎತ್ತರ, ಬೆಳಕಿಂಡಿಯ ಅಗಲ, ಒಲೆಯಿಂದ ನೀರಿನ ಹರವಿಗೆ ಎಷ್ಟು ಹೆಜ್ಜೆ, ಬಾವಿಗೆ ಎಷ್ಟು ದೂರ. ಪ್ರತಿ ವಸ್ತುವಿಗೆ ಆ ಮನೆಯಲ್ಲಿ ಏನಂತಾರೋ ಅದನ್ನೇ ಬರೀರಿ, ಪುಸ್ತಕದ ಪದ ಬೇಡ. ಫರ್ಸಿ ಚೂರು ಗಣಿ ಸುತ್ತ ಬೇಕಾದಷ್ಟು ಸಿಗುತ್ತೆ. ಉಜ್ಜುವಾಗ ನೀರು ಹಾಕಿ, ಧೂಳು ಕುಡೀಬೇಡಿ. ಚಿಂಚೋಳಿಯೋರು ನಿಮ್ಮ ಕಡೆಯ ಕೆಂಪು ಮಣ್ಣೂ ಒಂದು ಡಬ್ಬಿ ತನ್ನಿ. ಐದು ಊರಿಂದ ಐದು ಅಡುಗೆಮನೆ ಬಂದರೆ ಕನ್ನಡ ಸಂಘದ ರೂಮಿನ ಒಂದು ಟೇಬಲ್ ಸಾಕು.

ಹುಡುಗರಿಗೆ ಇನ್ನೊಂದು ಮಾತು. ಇದು ಹುಡುಗಿಯರ ಆಟ ಅಂತ ತಪ್ಪಿಸಿಕೊಳ್ಳಬೇಡಿ. ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು ಹತ್ತು ನಿಮಿಷ ಅಳತೆ ತಗೊಳ್ಳಿ. ಆಮೇಲೆ ಅದೇ ಜಾಗದಲ್ಲಿ ಮನೆಮಂದಿಗೆಲ್ಲ ರೊಟ್ಟಿ ಬಡಿದೋರು ಒಂದು ದಿನಕ್ಕೆ ಎಷ್ಟು ಹೊತ್ತು ಕೂತಿದ್ದರು ಅಂತ ಕೇಳಿ, ಆ ಅಂಕಿಯನ್ನೂ ನೋಟ್‌ಬುಕ್‌ನಲ್ಲಿ ಬರ್ಕೊಳ್ಳಿ.